ಹೊಳೆದಂಡೆಯ ಮನೆ: ನಮ್ಮೂರ ಒಂದು ವಾದದ ಇತಿಹಾಸ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಹೇಳಿದರು. ಸಾಲ, ವಸೂಲಿ, ಗೊಬ್ಬರ ಇವುಗಳ ಲೆಕ್ಕ ಕಾರ್ಯದರ್ಶಿಗಳ ವರದಿಯಲ್ಲಿ ಬರುತ್ತದೆ. ಆದ್ದರಿಂದ ನಾನು ಊರ ಕಟ್ಟೆಯ ಮೇಲೆ ಇವತ್ತಿಗೂ ಮುಗಿಯದ ಒಂದು ವಾದದ ಇತಿಹಾಸ ಬರೆಯುತ್ತೇನೆ. ಹೊಳೆ ನೀರು ಬರುವ ಜಾಗದಲ್ಲಿ ಮನೆ ಕಟ್ಟಬೇಕೋ ಬೇಡವೋ ಎಂಬುದೇ ಆ ವಾದ.

ನಮ್ಮ ಹೊಳೆ ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿ.ಮೀ. ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದರ ದಂಡೆಗೆ ಊರು ಕಟ್ಟಿದ್ದು ಇಂದು ನಿನ್ನೆಯದಲ್ಲ. ಬಾದಾಮಿ ಚಾಲುಕ್ಯರು ಐಹೊಳೆ, ಪಟ್ಟದಕಲ್ಲುಗಳಲ್ಲಿ ಗುಡಿ ಕಟ್ಟಿಸಿದ್ದು ಇದೇ ಹೊಳೆಯ ಪಕ್ಕದಲ್ಲಿ. ಕುಡಿಯುವ ನೀರು, ದನಗಳ ಮೈ ತೊಳೆಯುವುದು, ದಂಡೆಯ ಎರೆಹೊಲ, ಎಲ್ಲವೂ ಕೈಯಳತೆಯಲ್ಲಿ ಇರಲೆಂದು ಹಿರಿಯರು ಇಲ್ಲಿ ನೆಲೆ ನಿಂತರು. ಮಳೆಗಾಲದಲ್ಲಿ ಹೊಳೆ ಏರಿದರೆ ಅಗಸಿಯ ಒಳಗೆ ನೀರು ಬರುವ ಮೊದಲೇ ದನಕರು ಹೊಡೆದುಕೊಂಡು ದಿಬ್ಬ ಏರುವುದು ಅವರಿಗೆ ಗೊತ್ತಿತ್ತು.

ಡ್ಯಾಮ್ ಬಂದ ಮೇಲೆ

1970ರ ದಶಕದಲ್ಲಿ ಸವದತ್ತಿಯ ಹತ್ತಿರ ನವಿಲುತೀರ್ಥ ಡ್ಯಾಮ್ ಮುಗಿಯಿತು. ರೇಣುಕಾಸಾಗರ ಎಂದು ಹೆಸರಾದ ಈ ಜಲಾಶಯ 37.73 ಟಿಎಂಸಿ ನೀರು ಹಿಡಿಯುತ್ತದೆ. ಕಾಲುವೆಗೆ ನೀರು ಬಂದು ನರಗುಂದ, ನವಲಗುಂದ, ರೋಣದ ಕಡೆ ಹೊಲಗಳು ಹಸಿರಾದವು. ಆದರೆ ಡ್ಯಾಮಿನ ಕೆಳಗೆ ಹೊಳೆ ಬಡವಾಯಿತು. ಡ್ಯಾಮ್ ತುಂಬದ ವರ್ಷಗಳೇ ಹೆಚ್ಚು. ನೀರಿಲ್ಲದ ಪಾತ್ರದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಖಾಲಿ ಬಿದ್ದ ಮಣ್ಣು ನೋಡಿ ಒಬ್ಬ ಎರಡು ಕುಂಟೆ ಉತ್ತ, ಅವನನ್ನು ನೋಡಿ ಇನ್ನೊಬ್ಬ ನಾಲ್ಕು ಕುಂಟೆ ಉತ್ತ. ಹೀಗೆ ಹೊಳೆ ಅಗಲದಲ್ಲಿ ಕಡಿಮೆಯಾಗುತ್ತಾ ಬಂತು. ಅದರ ಸಂಗಡ ಹೊಳೆಯ ಅಂಜಿಕೆಯೂ ಕಡಿಮೆಯಾಯಿತು. ಅಣ್ಣತಮ್ಮಂದಿರು ಹಿಸೆ ಆದಾಗ ಹಿರಿಯರು ಬಣವಿ ಒಟ್ಟಲು ಬಿಟ್ಟಿದ್ದ ತಗ್ಗಿನ ಜಾಗದಲ್ಲಿ ಮನೆಗಳು ಎದ್ದವು.

ಇನ್ನೊಂದು ಮಾತನ್ನೂ ಮರೆಯಬಾರದು. ಡ್ಯಾಮ್ ಇರುವುದು ಮಲಪ್ರಭೆಗೆ ಮಾತ್ರ. ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಕರಿನೆಲದ ಮಳೆನೀರನ್ನೆಲ್ಲ ಹೊತ್ತು ತರುವ ಬೆಣ್ಣೆಹಳ್ಳಕ್ಕೆ ಅಂಥ ಡ್ಯಾಮ್ ಇಲ್ಲ. ಎರೆಮಣ್ಣು ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಮುಂದಿನ ಮಳೆಯ ನೀರು ಇಂಗುವುದಿಲ್ಲ, ಮೇಲೆಯೇ ಓಡುತ್ತದೆ. ಡ್ಯಾಮಿನ ನೀರೂ ಹಳ್ಳದ ನೀರೂ ಒಂದೇ ಹೊತ್ತಿಗೆ ಬಂದರೆ ಕೆಳಗಿನ ಊರುಗಳ ಗತಿ ಹೇಳತೀರದು.

2009 ಮತ್ತು 2019

2009ರ ಸಪ್ಟೆಂಬರ್ ಕೊನೆಯ ದಿನ ಮತ್ತು ಅಕ್ಟೋಬರ್ ಮೊದಲ ಎರಡು ದಿನ ಸುರಿದ ಮಳೆಯನ್ನು ಉತ್ತರ ಕರ್ನಾಟಕದ ಯಾರೂ ಮರೆಯಲಾರರು. ಬರಗಾಲದ ಸೀಮೆ ಎಂದು ಹೆಸರಾದ ಜಿಲ್ಲೆಗಳೇ ನೀರಿನಲ್ಲಿ ನಿಂತವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ತುಂಗಭದ್ರೆಯ ದಂಡೆಯ ಮಂತ್ರಾಲಯದಲ್ಲಿಯೂ ನೀರು ಹೊಕ್ಕಿತು. ನಮ್ಮ ಕಡೆ ಮಣ್ಣಿನ ಗೋಡೆ, ತೊಲೆ ಜಂತಿಯ ಮಾಳಿಗೆ ಮನೆಗಳೇ ಹೆಚ್ಚು. ಮೇಲ್ಮುದ್ದೆ ನೀರು ಕುಡಿದು ಭಾರವಾಯಿತು, ಕೆಳಗೆ ಗೋಡೆ ನೆನೆದು ಮೆತ್ತಗಾಯಿತು. ನೀರು ಇದ್ದಾಗ ನಿಂತಿದ್ದ ಎಷ್ಟೋ ಮನೆಗಳು ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿದವು. ಹಗೇವಿನ ಜೋಳ ಕೊಳೆತು ನಾರಿತು.

ಸರಕಾರ ‘ಆಸರೆ’ ಯೋಜನೆ ತಂದಿತು. ಮಠಗಳು, ಕಂಪನಿಗಳು, ದಾನಿಗಳು ಕೈಜೋಡಿಸಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ಕಟ್ಟಿದರು. ಹಕ್ಕುಪತ್ರ ಬಂತು, ಕೀಲಿ ಕೈಗೆ ಬಂತು. ವಾದ ಹುಟ್ಟಿದ್ದೂ ಅಲ್ಲಿಯೇ.

ಹಿರಿಯರೊಬ್ಬರು ಅಂದರು, “ತಮ್ಮಾ, ಹೊಳಿ ಬರ್ತದ, ಹೋಗ್ತದ. ಮನಿ ಅಲ್ಲಿ, ಹೊಲ ಇಲ್ಲಿ ಆದ್ರ ಎತ್ತು ಎಲ್ಲಿ ಕಟ್ಟೂಣು?” ಅದಕ್ಕೆ ಒಬ್ಬ ಹುಡುಗ, “ಕಾಕಾ, ಎತ್ತು ಕಟ್ಟಾಕ ನಾವು ಉಳಿಬೇಕಲ್ರಿ” ಅಂದ. ಇಬ್ಬರ ಮಾತೂ ಸುಳ್ಳಲ್ಲ.

ಬಾಗಲಕೋಟೆಯ ನವನಗರವನ್ನು ತೋರಿಸಿ, “ಅವರು ಹೋಗಿಲ್ಲೇನು, ನಾವ್ಯಾಕ ಹೋಗಬಾರದು” ಎನ್ನುವವರಿದ್ದಾರೆ. ಆದರೆ ಎರಡಕ್ಕೂ ವ್ಯತ್ಯಾಸವಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವರ ಜಾಗ ಕಾಯಂ ಹೋಯಿತು, ತಿರುಗಿ ಬರಲು ಅಲ್ಲಿ ನೆಲವೇ ಇಲ್ಲ. ನಮ್ಮಲ್ಲಿ ಹೊಳೆ ನಾಲ್ಕು ದಿನ ಬಂದು ಉಳಿದ ದಿನ ಸುಮ್ಮನಿರುತ್ತದೆ. ಹೊಲ ಅಲ್ಲಿಯೇ ಇರುತ್ತದೆ, ಉತಾರದಲ್ಲಿ ಹೆಸರೂ ಇರುತ್ತದೆ. ಹೊಲ ಕರೆಯುತ್ತದೆ, ರೈತ ತಿರುಗಿ ಬರುತ್ತಾನೆ. ಆಸರೆ ಮನೆ ಕಟ್ಟಿದವರು ಗೋಡೆ, ಬಾಗಿಲು, ಚಾವಣಿ ಕೊಟ್ಟರು. ಆದರೆ ದನದ ಗ್ವಾದಲಿ, ಬಣವಿಯ ಜಾಗ, ಕೂರಿಗೆ ಕುಂಟೆ ಇಡುವ ಪಡಸಾಲೆ, ಮುಂದೆ ಹುಡುಗರು ಹಿಸೆ ಆದರೆ ಬೇಕಾಗುವ ಕೋಣೆ, ಇವು ಆ ನಕಾಶೆಯಲ್ಲಿ ಇರಲಿಲ್ಲ. ಆದ್ದರಿಂದ ಎಷ್ಟೋ ಮಂದಿ ಕೀಲಿ ಹಾಕಿ ಹಳೇ ಊರಿಗೇ ಬಂದರು. ಅವರನ್ನು ಹಟಮಾರಿಗಳೆಂದು ಬೈದರೆ ನ್ಯಾಯವಾಗದು.

ಹತ್ತು ವರ್ಷಕ್ಕೆ, 2019ರ ಆಗಸ್ಟಿನಲ್ಲಿ ಮತ್ತೆ ನೀರು ಬಂತು. ಈ ಸಲ ಮೇಲ್ಭಾಗದ ಮಳೆಗೆ ಡ್ಯಾಮ್ ತುಂಬಿ ಗೇಟು ಎತ್ತಿದರು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತದ್ದನ್ನು ನಾಡೆಲ್ಲ ನೋಡಿತು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ತಳಪಾಯ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ ಫೋಟೋ ಹೊಡೆದಂತೆ ಹಣ ಬಂತು. ಎಷ್ಟೋ ಜನ ಅದೇ ಹಣದಿಂದ ಅದೇ ತಗ್ಗಿನಲ್ಲಿ ಸ್ಲ್ಯಾಬಿನ ಮನೆ ಕಟ್ಟಿದರು. 2020, 2021ರಲ್ಲಿ ಹೊಳೆ ಮತ್ತೆ ಏರಿ ಬಂತು.

“ಹಿರ್ಯಾರು ದಡ್ಡರಲ್ಲ, ಹೊಳಿ ದಂಡಿಗೆ ಗುಡಿ ಕಟ್ಟ್ಯಾರ” ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಕಲ್ಲಿನ ಗುಡಿ ನೀರಿನಲ್ಲಿ ನಾಲ್ಕು ದಿನ ನಿಂತು ಮತ್ತೆ ಒಣಗುತ್ತದೆ. ಬಾಣಂತಿ, ಮುದುಕರು, ಕಟ್ಟಿದ ಎಮ್ಮೆ ಹಾಗೆ ನಿಲ್ಲಲಾರರು. ಸ್ಲ್ಯಾಬ್ ಬೀಳಲಿಕ್ಕಿಲ್ಲ, ಆದರೆ ಒಳಗಿನ ಕಾಳುಕಡಿ, ಮಕ್ಕಳ ಪುಸ್ತಕ, ಹಾಸಿಗೆ ಉಳಿಯುವುದಿಲ್ಲ.

ಮುಂದೇನು

ಪ್ರವಾಹದ ಬಯಲಿನಲ್ಲಿ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬ ಬಗ್ಗೆ ಕೇಂದ್ರ ಸರಕಾರ 1975ರಲ್ಲಿಯೇ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಅದನ್ನು ಕಾಯ್ದೆ ಮಾಡಿದವು. ಕಾಯ್ದೆಯ ಹಾದಿ ಕಾಯುತ್ತ ನಾವು ಕೂಡಬೇಕಾಗಿಲ್ಲ. 2009 ಮತ್ತು 2019ರಲ್ಲಿ ನೀರು ಎಲ್ಲಿಗೆ ಮುಟ್ಟಿತ್ತು ಎಂಬುದು ಊರಿನ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತು. ಆ ಮಟ್ಟವನ್ನು ಗುಡಿಯ ಗೋಡೆ, ಶಾಲೆಯ ಗೋಡೆ, ಅಗಸಿಯ ಮೇಲೆ ಬಣ್ಣದಿಂದ ಬರೆಸೋಣ. ಅದರ ಕೆಳಗೆ ಹೊಸ ಮನೆ ಬೇಡ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡೋಣ. ಹಳೇ ಊರಿನ ಜಾಗದಲ್ಲಿ ದನದ ಗ್ವಾದಲಿ, ಬಣವಿ, ಕಣ ಇರಲಿ. ಮಲಗುವ ಮನೆ ಮೇಲೆ ಇರಲಿ. ನವಗ್ರಾಮದಲ್ಲಿ ದನಕ್ಕೆ ಜಾಗ, ಹೊಲಕ್ಕೆ ಚಕ್ಕಡಿ ದಾರಿ ಕೊಡಿರೆಂದು ಸರಕಾರವನ್ನು ಒಟ್ಟಾಗಿ ಕೇಳೋಣ. ಹೊಳೆಯ ಪಾತ್ರವನ್ನು ಹೊಳೆಗೇ ಬಿಡೋಣ.

ಈ ಮಾತು ಸಂಘಕ್ಕೂ ಅನ್ವಯಿಸುತ್ತದೆ. ಹೊಸ ಗೋದಾಮಿನ ಜಾಗದ ವಿಷಯ ಬರುವ ಸರ್ವಸಾಧಾರಣ ಸಭೆಯ ಮುಂದೆ ಇದೆ. ಹಳೇ ಊರು ಹತ್ತಿರ ಎನ್ನುವುದು ಖರೆ. ಆದರೆ ಯೂರಿಯಾ ಚೀಲಕ್ಕೆ ಒಮ್ಮೆ ನೀರು ಮುಟ್ಟಿದರೆ ಅದು ಗೊಬ್ಬರವಲ್ಲ, ಸಂಘದ ಹಾನಿ. ಸಂಘ ಮೇಲೆ ಹೋದರೆ ಅಂಗಡಿ ಹೋಗುತ್ತದೆ, ಅಂಗಡಿಯ ಹಿಂದೆ ಜನ ಹೋಗುತ್ತಾರೆ. ಆದ್ದರಿಂದ ಗೋದಾಮು ಎತ್ತರದ ಜಾಗದಲ್ಲಿಯೇ ಆಗಬೇಕೆಂಬುದು ನನ್ನ ಅಭಿಪ್ರಾಯ. ಬೇರೆ ಅಭಿಪ್ರಾಯ ಇದ್ದವರು ಸಭೆಗೆ ಬಂದು ಹೇಳಬೇಕು, ಕಟ್ಟೆಯ ಮೇಲೆ ಹೇಳಿ ಬಿಡಬಾರದು.

ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆಗುತ್ತದೆ ಎಂಬುದನ್ನು ಅವರು ನಮ್ಮ ಮಣ್ಣಿನಲ್ಲಿಯೇ ತೋರಿಸಿದ್ದಾರೆ. ಒಬ್ಬನೇ ದಿಬ್ಬ ಏರಿದರೆ ಅವನಿಗೆ ಅದು ಬ್ಯಾಸರ. ಊರೇ ಏರಿದರೆ ಅದೇ ಊರು.