ಎರಡು ಟೇಬಲ್ ಮ್ಯಾಚ್ ಆದ್ರೆ ಸಾಕಾ? (ಭಾಗ 4)

ಪೈಥಾನ್ ಕಲಿಯೋಕೆ ಶುರು ಮಾಡಿದವರೆಲ್ಲ ಈ ಸ್ಕ್ರಿಪ್ಟ್ ಬರೆದಿರ್ತೀರಿ. ಎರಡು ಡಿಕ್ಷನರಿ, ಒಂದು ಫಾರ್ ಲೂಪ್. ಒಂದೊಂದೇ ಕೀ ತಗೊಂಡು, ಇದರಲ್ಲಿರೋ ವ್ಯಾಲ್ಯೂನೇ ಅದರಲ್ಲೂ ಇದೆಯಾ ಅಂತ ನೋಡೋದು. ನಾಲ್ಕು ಸಾಲು, ಮುಗೀತು.

1821ರಲ್ಲಿ ಲಂಡನ್ನಿನಲ್ಲಿ ಇದೇ ಕೆಲಸವನ್ನು ಇಬ್ಬರು ಕೂತು ಕಣ್ಣಲ್ಲೇ ಮಾಡ್ತಿದ್ರು. ಚಾರ್ಲ್ಸ್ ಬ್ಯಾಬೇಜ್, ಜಾನ್ ಹರ್ಷೆಲ್. ಅವರ ಮುಂದಿದ್ದದ್ದು ಅಸ್ಟ್ರನಾಮಿಕಲ್ ಸೊಸೈಟಿಗಾಗಿ ತಯಾರಾದ ಕೋಷ್ಟಕಗಳು. ಆಗ ‘ಕಂಪ್ಯೂಟರ್’ ಅಂದ್ರೆ ಮನುಷ್ಯ, ದುಡ್ಡಿಗೆ ಲೆಕ್ಕ ಹಾಕೋನು. ಒಂದೇ ಲೆಕ್ಕವನ್ನು ಇಬ್ಬರ ಕೈಲಿ ಬೇರೆ ಬೇರೆಯಾಗಿ ಮಾಡಿಸಿ, ಆಮೇಲೆ ಎರಡನ್ನೂ ತಾಳೆ ನೋಡೋದು. ನೋಡಿದಷ್ಟೂ ತಪ್ಪು! ಬ್ಯಾಬೇಜ್‌ಗೆ ಸಾಕಾಗಿ, ಈ ಲೆಕ್ಕಗಳನ್ನೆಲ್ಲ ಹಬೆಯಂತ್ರವೇ ಮಾಡುವಂತಿದ್ದರೆ ಅಂದನಂತೆ. ಡಿಫರೆನ್ಸ್ ಎಂಜಿನ್ ಹುಟ್ಟಿದ್ದು ಹಾಗೆ, 1822ಕ್ಕೆ ಚಿಕ್ಕ ಮಾದರಿಯೂ ರೆಡಿ.

ಈ ಕಥೆ ಎಲ್ಲರೂ ಹೇಳ್ತಾರೆ. ನನಗೆ ಇಷ್ಟವಾದದ್ದು ಆಮೇಲಿನದು.

1827ರಲ್ಲಿ ಬ್ಯಾಬೇಜ್ ತನ್ನದೇ ಲಾಗರಿದಮ್ ಟೇಬಲ್ ಪ್ರಕಟಿಸಿದ, 1ರಿಂದ 1,08,000ದವರೆಗೆ. ಹಳೆಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದಾಗ ಒಂದು ವಿಚಿತ್ರ ಕಾಣಿಸ್ತು. ಬೇರೆ ಬೇರೆಯವರು ಅಚ್ಚು ಹಾಕಿಸಿದ ಪುಸ್ತಕಗಳಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಮೂಲ ಹುಡುಕಿದ್ರೆ, ಡಚ್ಚರ ಆಡ್ರಿಯಾನ್ ವ್ಲಾಕ್ 1628ರಲ್ಲಿ ಹೊರತಂದ ಟೇಬಲ್! ಚೀನಾದಲ್ಲಿ ಅಚ್ಚಾದ ಒಂದು ಟೇಬಲ್‌ನಲ್ಲೂ ಅವೇ ತಪ್ಪುಗಳು. ಅದು ಎಲ್ಲಿಂದ ಬಂತು ಅಂತ ತಪ್ಪುಗಳೇ ಹೇಳಿಬಿಟ್ಟವು. (ಅಸೈನ್‌ಮೆಂಟ್ ಕಾಪಿ ಹೊಡೆದವರು ಸಿಕ್ಕಿಬೀಳೋದೂ ಹೀಗೇ ಅಲ್ವಾ? ಸರಿ ಉತ್ತರದಿಂದಲ್ಲ, ಒಂದೇ ಥರದ ತಪ್ಪು ಉತ್ತರದಿಂದ.)

ಅಂದ್ರೆ ಆ ಪುಸ್ತಕಗಳಲ್ಲಿ ಯಾವ ಎರಡನ್ನು ಹೋಲಿಸಿದ್ರೂ ಆ ಜಾಗದಲ್ಲಿ ಪಕ್ಕಾ ಮ್ಯಾಚ್. ಆದ್ರೂ ಎರಡೂ ತಪ್ಪು. ಹಡಗಿನವರು ನಡುಸಮುದ್ರದಲ್ಲಿ ದಾರಿ ಲೆಕ್ಕ ಹಾಕ್ತಿದ್ದದ್ದು ಇಂಥ ಟೇಬಲ್‌ಗಳನ್ನೇ ನಂಬಿಕೊಂಡು. 1821ರ ಹೋಲಿಕೆಗೆ ಬೆಲೆ ಇದ್ದದ್ದು ಅಲ್ಲಿ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಮಾಡಿದ್ರು ಅನ್ನೋ ಕಾರಣಕ್ಕೆ. ಇಲ್ಲದಿದ್ರೆ ನಕಲನ್ನು ನಕಲಿನ ಜೊತೆ ತೂಗಿದ ಹಾಗೆ.

ನಮ್ಮ ಸ್ಕ್ರಿಪ್ಟ್‌ನಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತೆ. ‘ಬಿ = ಎ’ ಅಂತ ಬರೆದ್ರೆ ಪೈಥಾನ್ ಎರಡನೇ ಡಿಕ್ಷನರಿ ಮಾಡೋದೇ ಇಲ್ಲ, ಇದ್ದ ಒಂದಕ್ಕೇ ಇನ್ನೊಂದು ಹೆಸರು ಕೊಡುತ್ತೆ, ಅಷ್ಟೇ. ಆಮೇಲೆ ‘ಎ’ನಲ್ಲಿ ಏನೇ ಬದಲಾಯಿಸಿ, ಲೂಪ್ ಮಾತ್ರ ಎಲ್ಲಾ ಸರಿ ಇದೆ ಅಂತಲೇ ಹೇಳ್ತಿರುತ್ತೆ. ನಿಮ್ಮ ಹೋಲಿಕೆಯಲ್ಲಿ ಒಂದೂ ವ್ಯತ್ಯಾಸ ಬರ್ಲಿಲ್ವಾ? ‘ಎ ಈಸ್ ಬಿ’ ಅಂತ ಟೈಪ್ ಮಾಡಿ ನೋಡಿ. ಟ್ರೂ ಬಂದ್ರೆ, ನೀವು ಇಷ್ಟೊತ್ತು ಹೋಲಿಸ್ತಿದ್ದದ್ದು ಒಂದೇ ಟೇಬಲ್ಲನ್ನು.