ಒಲೆಯ ಜಾಲರಿ

ಯಳಂದೂರಿನ ಚರಿತ್ರೆ ಬರೆಯುವವರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕ ಜಹಗೀರಿನಿಂದ ಶುರು ಮಾಡಿ, ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಮುಂದೆ ಒಂದಷ್ಟು ಹೊತ್ತು ನಿಲ್ಲುತ್ತಾರೆ. ನಿಲ್ಲಲಿ, ನಿಲ್ಲಬೇಕಾದ ಜಾಗವೇ. ಆದರೆ ಅಲ್ಲಿಂದ ಅದೇ ತಾಲ್ಲೂಕಿನ ಅಗರದ ನಮ್ಮ ಅಡುಗೆಮನೆಗೆ ಯಾರೂ ಬರುವುದಿಲ್ಲ. ವರ್ಷ ವರ್ಷ ಒಡೆದು ಕಟ್ಟುವ ಮಣ್ಣಿನ ಒಲೆಗೆ ಶಾಸನ ಬರೆಸಿದವರಿಲ್ಲ. ನಮ್ಮ ಅತ್ತೆಯ ಕೈ ನೋಡಿ ಕಲಿತದ್ದೇ ನನಗಿರುವ ದಾಖಲೆ.

ನಾನು ಹನೂರು ಸೀಮೆಯವಳು. ಈಗ ಹನೂರು ಬೇರೆ ತಾಲ್ಲೂಕು. ಆಗ ಕೊಳ್ಳೇಗಾಲಕ್ಕೆ ಸೇರಿತ್ತು, ಕೊಳ್ಳೇಗಾಲವೋ 1956ರ ತನಕ ಮದರಾಸಿನವರ ಕೊಯಮತ್ತೂರು ಜಿಲ್ಲೆಯದು. ಯಳಂದೂರು ಮಾತ್ರ ಮೈಸೂರಿನದು. ಆ ಗಡಿ ಅಳಿಸಿಹೋಯಿತು, ಒಲೆಯ ಗಡಿ ಉಳಿದಿತ್ತು. ತವರಲ್ಲಿ ಕಾಡಂಚಿನ ದಪ್ಪ ಕೊರಡು ಉರಿಸುತ್ತಿದ್ದೆವು, ಒಲೆಗೆ ಅಗಲ ಬಾಯಿ. ಅಗರದಲ್ಲಿ ಉರುವಲು ಎಂದರೆ ಹಿಪ್ಪುನೇರಳೆ ಕಡ್ಡಿ. ರೇಷ್ಮೆಹುಳು ಸೊಪ್ಪು ತಿಂದರೆ ಒಲೆ ಕಡ್ಡಿ ತಿನ್ನುತ್ತಿತ್ತು. ತೆಳು ಕಡ್ಡಿ ಭಗ್ಗನೆ ಹತ್ತಿ ಭಗ್ಗನೆ ಆರುತ್ತದೆ. ಬಾಯಿ ಅಗಲವಿದ್ದರೆ ಉರಿಯೆಲ್ಲ ಆಚೆಗೆ. ಮದುವೆಯಾದ ಹೊಸದರಲ್ಲಿ ನಾನು ತವರಿನಂತೆ ಬಾಯಿ ಬಿಡಿಸಿ ಒಲೆ ಮೆತ್ತಹೋದಾಗ ಅತ್ತೆ ಕೈ ಹಿಡಿದರು: "ಉರಿ ಬೇಕಾದ್ದು ಪಾತ್ರೆಗೆ ಕನ ಕೂಸು, ಬಾಯಿಗಲ್ಲ."

ಅವರ ಒಲೆಯಲ್ಲಿ ಮೊದಲು ಸವೆಯುತ್ತಿದ್ದದ್ದು ಪಾತ್ರೆ ಕೂರುವ ಮೂರು ಗುಂಡುಗಳು. ಮುದ್ದೆ ತಿರುವುವಾಗ ಪಾತ್ರೆಯನ್ನು ಅದುಮಿ ಹಿಡಿಯುವ ಬಲವೆಲ್ಲ ಬೀಳುವುದು ಅವುಗಳ ಮೇಲೆ. ಗುಂಡು ತಗ್ಗಿದರೆ ಪಾತ್ರೆ ಕುಳಿಗೆ ಅಂಟಿ ಕೂತು ಉರಿ ಉಸಿರು ಕಟ್ಟುತ್ತದೆ. ಎತ್ತರವಾದರೆ ಬಿಸಿಯೆಲ್ಲ ಸಂದಿಯಲ್ಲಿ ಜಾರಿಹೋಗುತ್ತದೆ. ಎರಡು ಬೆರಳು ಅವರ ಅಳತೆ. ಆಮೇಲೆ ಸೀಳುವುದು ಒಲೆಯ ಬಾಯಿ, ಕಡೆಗೆ ಕೋಡೊಲೆಗೆ ಉರಿ ಹಾಯುವ ಕಂಡಿ. ಹುತ್ತದ ಮಣ್ಣು ಸೋಸಿ, ಸಗಣಿ, ಭತ್ತದ ಹೊಟ್ಟು ಕಲಸಿ ಒಂದು ರಾತ್ರಿ ಕೊಳೆಹಾಕುತ್ತಿದ್ದರು. ಹೊಟ್ಟು ಹಸಿಮಣ್ಣು ಬಿರಿಯದಂತೆ ಹಿಡಿಯುತ್ತದೆ. ಒಲೆ ಕಾದಾಗ ತಾನು ಸುಟ್ಟು ಸಣ್ಣ ತೂತು ಬಿಡುತ್ತದೆ, ಬಿಸಿ ಗೋಡೆಗೆ ಹೋಗದೆ ಒಳಗೇ ನಿಲ್ಲುತ್ತದೆ. ಹಳೆ ಗುಂಡನ್ನು ಪೂರ್ತಿ ಕೀಳದೆ ನೀರು ಚಿಮುಕಿಸಿ, ಒರಟು ಮಾಡಿ, ಅದರ ಮೇಲೇ ಹೊಸ ಮಣ್ಣು ಕೂರಿಸಬೇಕು. ಒಣ ಮಣ್ಣಿಗೆ ಹಸಿ ಮಣ್ಣು ಹತ್ತುವುದಿಲ್ಲ. ದಿನವೂ ಬೂದಿ ತೆಗೆದು ಸಾರಿಸುವುದು ಮಡಿಗೆಂದು ಹೇಳುತ್ತಿದ್ದರು. ಬಿರುಕು ಕೂದಲೆಳೆಯಷ್ಟಿರುವಾಗಲೇ ಮುಚ್ಚುವ ಉಪಾಯವೂ ಅದೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಹಳ್ಳಿಯ ಸೌದೆಯ ಲೆಕ್ಕ ಹಾಕಿದರು. ಯಾವ ಮನೆ ಎಷ್ಟು ಉರಿಸುತ್ತದೆ, ಅದನ್ನು ಹೊರುವವರು ಯಾರು ಎಂದು ಪದವಿ ಪಡೆದವರು ಕೂತು ಲೆಕ್ಕ ಹಾಕಿದ್ದು ಸಣ್ಣ ಸಂಗತಿಯಲ್ಲ. ಅದರಿಂದ 80ರ ದಶಕದಲ್ಲಿ ಹುಟ್ಟಿದ್ದು ಅಸ್ತ್ರ ಒಲೆ: ಮೂರು ಪಾತ್ರೆ, ಕೆಳಗಿನಿಂದ ಗಾಳಿ ಬರಲು ಜಾಲರಿ, ಹೊಗೆಗೆ ಕೊಳವೆ. 1983ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆಯೂ ಬಂತು. 2002ರಲ್ಲಿ ಮುಗಿಯುವಷ್ಟರಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿದ್ದರು.

ನಮ್ಮ ಮನೆಗೂ ಒಂದು ಬಂತು. ಒಲೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಡ್ಡಿ ಕಡಿಮೆ ಸಾಕಾಯಿತು, ಕಣ್ಣುರಿ ಹೋಯಿತು, ಊದುಕೊಳವೆ ಮೂಲೆ ಸೇರಿತು. ಅತ್ತೆಯ ತಕರಾರು ಇದ್ದದ್ದು ಅಟ್ಟದ ಬಗ್ಗೆ: ಹೊಗೆ ಇಲ್ಲದೆ ಬಿತ್ತನೆ ಬೀಜಕ್ಕೆ ಹುಳು ಬೀಳುತ್ತದೆ ಎಂದು. ಬಿದ್ದದ್ದೂ ಹೌದು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜಾಲರಿ ಸುಟ್ಟು ಬಾಗಿತು. ಕಬ್ಬಿಣ ಎಂದರೆ ಹಾಗೇ, ದಿನಾ ಕೆಂಪಗೆ ಕಾದರೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಜಾಲರಿ ಕುಸಿದರೆ ಬೂದಿ ಕೆಳಗಿಳಿಯದೆ ಗಾಳಿ ಕಟ್ಟಿ, ಒಲೆ ಮತ್ತೆ ಹೊಗೆಯ ಗೂಡು. ಒಲೆ ಹಾಕಿಸಿದವರ ಕಚೇರಿಗೆ ಮನೆಯವರು ಹೋದರೆ, ಹೊಸ ಒಲೆಗೆ ಹಣ ಬರುತ್ತದೆ, ಬಿಡಿ ಜಾಲರಿಗೆ ಬರುವುದಿಲ್ಲ ಅಂದರಂತೆ. ಕಟ್ಟಿದ ಗಾರೆಯವನು ಎಲ್ಲಿಯವನೋ ಏನೋ. ಮಣ್ಣಾಗಿದ್ದರೆ ಅತ್ತೆ ಸಂಜೆಯೊಳಗೆ ಸರಿಮಾಡುತ್ತಿದ್ದರು. ಮೂರು ಕೋಟಿ ಒಲೆಗಳಲ್ಲಿ ಎಷ್ಟು ಹೀಗೆ ಒಂದು ಮೊಳ ಕಬ್ಬಿಣಕ್ಕಾಗಿ ಮೂಲೆ ಸೇರಿದವೋ!

ದುಡಿಮೆಯ ಒಲೆಗೆ ಈ ಗತಿ ಬರಲಿಲ್ಲ ಎಂಬುದು ನನಗೆ ಆಗಲೇ ಹೊಳೆದಿತ್ತು. ಈ ಸೀಮೆಯ ರೇಷ್ಮೆ ನೂಲಿನ ಚರಕದ ಮನೆಗಳಲ್ಲಿ ಗೂಡು ಬೇಯಿಸುವುದೂ ಸೌದೆ ಒಲೆಯಲ್ಲೇ. ನೀರು ಆರಿದರೆ ನೂಲು ಬಿಚ್ಚುವುದಿಲ್ಲ, ನೂಲು ನಿಂತರೆ ಕಾಸಿಲ್ಲ. ಹಾಗಾಗಿ ಸರಳು ಸವೆಯುವ ಮುಂಚೆಯೇ ಹೊಸದು ಬಂದಿರುತ್ತಿತ್ತು. ಆಲೆಮನೆಯವರು ಕಬ್ಬಿನ ಸುಗ್ಗಿಗೆ ಮುಂಚೆ ಕೊಪ್ಪರಿಗೆಯ ಒಲೆಯನ್ನು ಸುತ್ತಿ ಸುತ್ತಿ ನೋಡುತ್ತಿದ್ದರು. ನಮ್ಮ ಒಲೆ ಕೆಟ್ಟರೆ ನಷ್ಟವಾಗುತ್ತಿದ್ದದ್ದು ನಮ್ಮ ಕಣ್ಣು, ಎದೆ. ಅದನ್ನು ಯಾವ ವಹಿಯಲ್ಲೂ ಬರೆಯುತ್ತಿರಲಿಲ್ಲ.

ಗಾರೆಯವನು ಬರಲಿಲ್ಲವೆಂದು ಅತ್ತೆ ಕಾಯಲಿಲ್ಲ. ಮನೆ ಕಟ್ಟಿ ಮಿಕ್ಕಿದ್ದ ಸರಳಿನ ತುಂಡುಗಳನ್ನು ಕುಲುಮೆಯಲ್ಲಿ ಕತ್ತರಿಸಿ ತರಿಸಿ, ಬೆರಳು ಬಿಟ್ಟು ಬೆರಳು ಅಡ್ಡ ಇಟ್ಟರು. ತುದಿಗಳನ್ನು ಮಣ್ಣಲ್ಲಿ ಹೂಳಲಿಲ್ಲ, ಗೋಡೆಯ ಅಂಚಿನ ಮೇಲೆ ಸುಮ್ಮನೆ ಕೂರಿಸಿದರು. ಒಂದು ಸುಟ್ಟರೆ ಒಂದನ್ನೇ ಎಳೆದು ಬೇರೆ ಹಾಕಬಹುದು. ಅತ್ತೆ ಹೋದ ಮೇಲೂ ಆ ಒಲೆ ಬಹಳ ಕಾಲ ಉರಿಯಿತು.

ಈಗ ಅಡುಗೆಗೆ ಗ್ಯಾಸು. 2016ರ ಉಜ್ವಲ ಯೋಜನೆ ಬಂದ ಮೇಲೆ ಕೇರಿಯಲ್ಲಿ ಸಿಲಿಂಡರ್ ಇಲ್ಲದ ಮನೆ ಕಾಣೆ. ಬಚ್ಚಲಿನ ಹಂಡೆ ಒಲೆ ಮಾತ್ರ ಕಡ್ಡಿಯದೇ. ಈಚೆಗೆ ಹುಳುವಿಗೆ ಕಡ್ಡಿ ಸಮೇತ ಸೊಪ್ಪು ಹಾಕುವುದರಿಂದ ಬೆಳೆ ಬೆಳೆಗೂ ರಾಶಿ ಕಡ್ಡಿ, ಬಿಸಾಡುವುದಾದರೂ ಎಲ್ಲಿ? ಮೊನ್ನೆ ಅದರ ಜಾಲರಿ ಕೆಟ್ಟಾಗ ವೆಲ್ಡಿಂಗ್ ಅಂಗಡಿಗೆ ಹೋದೆ. ಹುಡುಗ ಚೌಕಟ್ಟು ಮಾಡಿ ಎರಡೂ ತುದಿಗೆ ಬೆಸುಗೆ ಹಾಕಹೊರಟ. "ಒಂದೇ ತುದಿಗೆ ಹಾಕಪ್ಪ, ಕಾದ ಕಬ್ಬಿಣ ಹಿಗ್ತದೆ, ಜಾಗ ಇಲ್ದಿದ್ರೆ ಬಾಗ್ತದೆ" ಅಂದೆ. ಅವನು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, "ಇದು ಗೇಟಲ್ವಾ ಅವ್ವಾ?" ಅಂದ.