ಕಿಸಿಮ್ಮೀ ನದಿಯ ಪುನರುದ್ಧಾರ

ಎರಡು ಬಿಂದುಗಳ ನಡುವೆ ಸರಳರೇಖೆಯೇ ಅತ್ಯಂತ ಹ್ರಸ್ವವಾದ ಮಾರ್ಗವೆಂಬುದು ರೇಖಾಗಣಿತದ ಸಿದ್ಧಾಂತವಷ್ಟೆ. ಸಮಭೂಮಿಯಲ್ಲಿ ಹರಿಯುವ ನದಿಯಾದರೋ ಈ ಸಿದ್ಧಾಂತಕ್ಕೆ ಕಟ್ಟುಬೀಳುವುದಿಲ್ಲ. ಬಳುಕಿ ಬಳುಕಿ ಸಾಗುವುದೇ ಅದರ ಸ್ವಭಾವ. ಆ ವಕ್ರಗತಿಯಲ್ಲಿಯೇ ಜಲಚರಗಳ ಯೋಗಕ್ಷೇಮವು ಅಡಗಿರುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ಪ್ರಾಂತದಲ್ಲಿ ಒಂದು ನದಿಯನ್ನು ಮೊದಲು ನೆಟ್ಟಗೆ ಮಾಡಿ, ಅದರಿಂದೊದಗಿದ ಹಾನಿಯನ್ನು ಕಂಡು, ಪುನಃ ಡೊಂಕುಮಾಡಿದ ವೃತ್ತಾಂತವು ಈ ತತ್ತ್ವಕ್ಕೆ ಉತ್ತಮ ನಿದರ್ಶನವಾಗಿದೆ.

ಆ ನದಿಯ ಹೆಸರು ಕಿಸಿಮ್ಮೀ. ಅದೇ ಹೆಸರಿನ ಸರೋವರದಿಂದ ಹೊರಟು ದಕ್ಷಿಣದ ಓಕೀಚೋಬೀ ಎಂಬ ಮಹಾಸರೋವರವನ್ನು ಸೇರುವುದರೊಳಗೆ ಅದು ಪೂರ್ವದಲ್ಲಿ 103 ಮೈಲುಗಳಷ್ಟು ಸುತ್ತಿ ಹರಿಯುತ್ತಿದ್ದಿತು. ಇಕ್ಕೆಲಗಳಲ್ಲಿಯೂ ಒಂದೆರಡು ಮೈಲು ಅಗಲವಾದ ಬಯಲು. ಮಳೆ ಹೆಚ್ಚಿದಾಗ ನದಿಯು ದಡಮೀರಿ ಬಯಲಿನಲ್ಲಿ ಹರಡಿ ತಿಂಗಳುಗಟ್ಟಲೆ ನಿಲ್ಲುತ್ತಿದ್ದಿತು. ಆ ನಿಂತ ನೀರಿನಲ್ಲಿ ಮೀನುಗಳು ಮೇದು ಮರಿಮಾಡುತ್ತಿದ್ದುವು. ಚಳಿಗಾಲದಲ್ಲಿ ಬಾತುಗಳೂ ಇತರ ಜಲಪಕ್ಷಿಗಳೂ ಹಿಂಡುಹಿಂಡಾಗಿ ಬಂದಿಳಿಯುತ್ತಿದ್ದುವು. ಬ್ಯಾಸ್ ಎಂಬ ಜಾತಿಯ ಮೀನಿಗೆ ಗಾಳ ಹಾಕುವ ವಿನೋದಕ್ಕಾಗಿ ಈ ನದಿಯು ದೇಶವೆಲ್ಲಾ ಪ್ರಸಿದ್ಧವಾಗಿದ್ದಿತು.

1947ನೆಯ ಇಸವಿಯಲ್ಲಿ ಚಂಡಮಾರುತಗಳು ಬಂದು ಫ್ಲಾರಿಡಾದ ಬಹುಭಾಗವು ಜಲಾವೃತವಾಯಿತು. ಜನರ ಸಂಕಟವು ನಿಜವಾದುದೇ. ಪರಿಹಾರವನ್ನು ಬೇಡಿದುದೂ ನ್ಯಾಯವೇ. 1948ರಲ್ಲಿ ಕಾಂಗ್ರೆಸ್ ಸಭೆಯು ಪ್ರವಾಹನಿವಾರಣೆಗಾಗಿ ದೊಡ್ಡದೊಂದು ಯೋಜನೆಯನ್ನು ಅಂಗೀಕರಿಸಿತು. ಅದರ ಅಂಗವಾಗಿ 1962ರಿಂದ 1971ರವರೆಗೆ ಸೈನ್ಯದ ಇಂಜಿನಿಯರುಗಳ ದಳದವರು 56 ಮೈಲು ಉದ್ದದ, ಸುಮಾರು 30 ಅಡಿ ಆಳದ, 300 ಅಡಿ ಅಗಲದ ನೆಟ್ಟನೆಯ ಕಾಲುವೆಯನ್ನು ಅಗೆದು, ಅಲ್ಲಲ್ಲಿ ಬಾಗಿಲುಗಳುಳ್ಳ ಕಟ್ಟೆಗಳನ್ನು ನಿಲ್ಲಿಸಿದರು. ನೆರೆಯು ಇಳಿಯಿತು, ಒಣಗಿದ ಬಯಲು ದನಗಳ ಹುಲ್ಲುಗಾವಲಾಯಿತು.

ಆದರೆ ನೆರೆಯೊಡನೆ ನದಿಯೂ ಹೋಯಿತು. ಹಳೆಯ ತಿರುವುಗಳಲ್ಲಿ ಹರಿವು ನಿಂತು, ಕೊಳೆತ ಸೊಪ್ಪುಸದೆಗಳು ತಳದಲ್ಲಿ ಶೇಖರವಾಗಿ ನೀರಿನೊಳಗಣ ಆಮ್ಲಜನಕವನ್ನು ಹೀರಿಕೊಂಡುವು. ಶುದ್ಧ ಜಲವನ್ನು ಬಯಸುವ ಬ್ಯಾಸ್ ಕ್ಷೀಣಿಸಿ, ಉಸಿರಿಗಾಗಿ ಮೇಲೆ ಬಂದು ಗಾಳಿಯನ್ನೇ ನುಂಗಬಲ್ಲ ಒರಟು ಜಾತಿಯ ಮೀನುಗಳು ಪ್ರಬಲವಾದುವು. ಚಳಿಗಾಲದ ಜಲಪಕ್ಷಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಕಾಣದಾದುವು. ಕಾಲುವೆಯ ಕೆಲಸವು ಮುಗಿಯುತ್ತಿದ್ದಂತೆಯೇ ನದಿಯನ್ನು ಹಿಂದಿರುಗಿ ಕೊಡಬೇಕೆಂಬ ಕೂಗೆದ್ದಿತು. 1976ರಲ್ಲಿ ಫ್ಲಾರಿಡಾದ ಶಾಸನಸಭೆಯು ಈ ಕಾರ್ಯಕ್ಕಾಗಿ ಒಂದು ಮಂಡಲಿಯನ್ನು ನೇಮಿಸಿತು.

ಕೆಡಿಸುವುದು ಸುಲಭ, ಸರಿಪಡಿಸುವುದು ಕಷ್ಟ. ಕಾಲುವೆಯನ್ನು ಮುಚ್ಚಿದರೆ ಜನವಸತಿಗೆ ನೆರೆಯ ಭಯವು ಮರಳಿ ಬಾರದೆ? 1980ರ ದಶಕದಲ್ಲಿ ಕಾಲುವೆಗೆ ಅಡ್ಡಲಾಗಿ ಉಕ್ಕಿನ ತಡೆಗಳನ್ನು ನೆಟ್ಟು ಒಂದಿಷ್ಟು ನೀರನ್ನು ಹಳೆಯ ತಿರುವುಗಳಿಗೆ ತಿರುಗಿಸಿ ನೋಡಿದರು. ಹರಿವು ಬಂದೊಡನೆ ತಳದ ಕೊಳೆಯು ಕೊಚ್ಚಿಹೋಗಿ ಮರಳು ಕಾಣಿಸಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ನದಿಯ ಪ್ರತಿಕೃತಿಯನ್ನೇ ನಿರ್ಮಿಸಿ ಪರೀಕ್ಷೆಗಳನ್ನು ನಡೆಸಲಾಯಿತು. ಅಲ್ಲಲ್ಲಿ ಅಡ್ಡಕಟ್ಟೆಗಳನ್ನು ಹಾಕಿದರೆ ಸಾಲದು, ಮೈಲುಗಟ್ಟಲೆ ಕಾಲುವೆಯನ್ನೇ ತುಂಬಬೇಕೆಂದು ನಿರ್ಣಯವಾಯಿತು.

1992ರಲ್ಲಿ ಕಾಂಗ್ರೆಸ್ ಸಭೆಯ ಒಪ್ಪಿಗೆ ದೊರೆಯಿತು. ಮುಳುಗಬಹುದಾದ ಭೂಮಿಯನ್ನು ಕೊಂಡುಕೊಂಡು, 1999ರಲ್ಲಿ ಮುಚ್ಚುವ ಕೆಲಸವನ್ನು ಆರಂಭಿಸಿದರು. ಕಾಲುವೆಯನ್ನು ತೋಡಿದಾಗ ಪಕ್ಕದಲ್ಲಿ ರಾಶಿಹಾಕಿದ್ದ ಮಣ್ಣನ್ನೇ ಮರಳಿ ಅದರೊಳಕ್ಕೆ ತಳ್ಳಿದರು. ಅಗೆತದಿಂದ ಅಳಿಸಿಹೋಗಿದ್ದ ಕಡೆಗಳಲ್ಲಿ ನದಿಗೆ ಹೊಸ ತಿರುವುಗಳನ್ನು ಕೊರೆದರು; ಎರಡು ಕಟ್ಟೆಗಳನ್ನು ಕೆಡವಿದರು. ಮೇಲಣ ಸರೋವರಗಳಲ್ಲಿ ಹೆಚ್ಚು ನೀರನ್ನು ತಡೆದು ಋತುಧರ್ಮಕ್ಕನುಸಾರವಾಗಿ ಬಿಡುವ ಏರ್ಪಾಟನ್ನೂ ಯೋಜಿಸಿದರು. 2021ರಲ್ಲಿ ನಿರ್ಮಾಣಕಾರ್ಯವು ಮುಗಿಯಿತು. 22 ಮೈಲು ಕಾಲುವೆಯನ್ನು ಮುಚ್ಚಿದುದರ ಫಲವಾಗಿ ಸುಮಾರು 40 ಮೈಲು ನದಿಯು ಪುನಃ ಹರಿಯತೊಡಗಿತು. ಕೇಂದ್ರ ಸರ್ಕಾರವೂ ಫ್ಲಾರಿಡಾ ಪ್ರಾಂತವೂ ಸಮಭಾಗವಾಗಿ ಹೊತ್ತ ವೆಚ್ಚವು ನೂರು ಕೋಟಿ ಡಾಲರುಗಳಿಗೆ ಸಮೀಪಿಸಿತು. ಅಗೆಯುವುದಕ್ಕೆ ಆದ ವೆಚ್ಚಕ್ಕಿಂತ ಇದು ಎಷ್ಟೋ ಪಾಲು ಹೆಚ್ಚು.

ಫಲವು ವ್ಯರ್ಥವಾಗಲಿಲ್ಲ. ಮೊದಲ ಘಟ್ಟವು ಮುಗಿದ ಕೆಲವೇ ವರ್ಷಗಳಲ್ಲಿ ತಿರುವುಗಳಲ್ಲಿ ಮರಳುದಿಣ್ಣೆಗಳು ಎದ್ದುವು. ನೀರಿನಲ್ಲಿ ಆಮ್ಲಜನಕವು ಹೆಚ್ಚಿತು. ಬ್ಯಾಸ್ ಮೊದಲಾದ ಮೀನುಗಳು ವೃದ್ಧಿಯಾದುವು. ಬಾತುಗಳೂ ಬಕಗಳೂ ಬಯಲಿಗೆ ಮರಳಿದುವು. ಗಾಳದವರಿಗೂ ದೋಣಿವಿಹಾರದವರಿಗೂ ನೆಟ್ಟನೆಯ ಕಾಲುವೆಗೆ ಬದಲಾಗಿ ತಿರುವುಮುರುವಿನ ನದಿಯೇ ದೊರೆಯಿತು. ಹಾಗೆಂದು ಸರ್ವವೂ ಮೊದಲಿನಂತಾಗಲಿಲ್ಲ. ನೆರೆಯಿಂದ ಜನರನ್ನು ರಕ್ಷಿಸುವುದಕ್ಕಾಗಿ ಮೇಲ್ಭಾಗದಲ್ಲಿಯೂ ಕೆಳಭಾಗದಲ್ಲಿಯೂ ಕಾಲುವೆಯನ್ನು ಹಾಗೆಯೇ ಉಳಿಸಬೇಕಾಯಿತು.

ಕಾಲುವೆ ತೋಡಿದವರು ಅವಿವೇಕಿಗಳಲ್ಲ. ನೆರೆಯೊಂದನ್ನೇ ಕಂಡು, ಆ ನೆರೆಯಿಂದಲೇ ಬದುಕುವ ಪ್ರಾಣಿಗಳನ್ನು ಅವರು ಲೆಕ್ಕಕ್ಕೆ ತರಲಿಲ್ಲ. ಮುಚ್ಚಿದವರು ಎರಡನ್ನೂ ಲೆಕ್ಕಕ್ಕೆ ತಂದರು. ಮನುಷ್ಯನ ವಸತಿಗೆ ರಕ್ಷಣೆಯನ್ನೂ ನದಿಗೆ ಅದರ ಬಯಲನ್ನೂ ಒಟ್ಟಿಗೆ ಕಲ್ಪಿಸಬಹುದೆಂಬುದಕ್ಕೆ ಕಿಸಿಮ್ಮೀಯೇ ಪ್ರಮಾಣ. ಆದರೆ ಬಯಲು ನದಿಯ ಅಂಗವೆಂಬುದನ್ನು ಮೊದಲೇ ಅರಿತವರಿಗೆ ಆ ತಿಳಿವಳಿಕೆಯು ಇಷ್ಟು ದುಬಾರಿಯಾಗಬೇಕಾಗಿಲ್ಲ.